ಬ್ಯಾಡ ಸರಿ, ಬ್ಯಾಕು ತಪ್ಪು

ಉಚ್ಚಂಗಿದುರ್ಗದ ಮೆಟ್ಟಿಲು ಅರ್ಧ ಹತ್ತುವಷ್ಟರಲ್ಲಿ ಏದುಸಿರು ಬಂತು. ಗೋಡೆಗೆ ಕೈ ಊರಿ ನಿಂತೆ. ಪಕ್ಕದಲ್ಲೇ ಗೋಣಿತಟ್ಟಿನ ಮೇಲೆ ಕಾಯಿ, ಕರ್ಪೂರ, ಹಸಿರು ಬಳೆ, ಭಂಡಾರದ ಪೊಟ್ಟಣ ಹರವಿಕೊಂಡು ಕೂತಿದ್ದ ಅಜ್ಜಿ ನನ್ನನ್ನೇ ನೋಡುತ್ತಿದ್ದರು. "ಬಿಸ್ಲು ಏರಾಕತ್ತೈತ್ರಿ. ಇಲ್ಲಿ ನಿಂದ್ರಬ್ಯಾಡ್ರಿ. ಮ್ಯಾಲೆ ಹ್ವಾದ ಮ್ಯಾಲೆ ಕುಂದ್ರೀರಂತೆ. ನೀರು ಬೇಕೇನು?"

ನೀರು ಕುಡಿದೆ. ಜೇಬಿನಿಂದ ಚೀಟಿ ತೆಗೆದು ಅಜ್ಜಿಯ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆದುಕೊಂಡೆ. ಒಂದೇ ಉಸಿರಿನಲ್ಲಿ 'ಬ್ಯಾಡ' ಅಂದವರು 'ಬೇಕು' ಅಂದಿದ್ದರು. 'ಬ್ಯಾಕು' ಅನ್ನಲಿಲ್ಲ. ಆ ಒಂದು ಅಕ್ಷರಕ್ಕಾಗಿಯೇ ನಾನು ಈ ಸೀಮೆಯಲ್ಲಿ ಕಿವಿ ತೆರೆದುಕೊಂಡು ಓಡಾಡುತ್ತಿದ್ದೆ.

ನಾನು ಕರಡು ತಿದ್ದುವವನು. ಕಥೆ, ಕಾದಂಬರಿಗಳ ಪ್ರೂಫ್ ನೋಡುವುದೇ ನನ್ನ ಹೊಟ್ಟೆಪಾಡು. ಈ ಕೆಲಸಕ್ಕೆ ಹೊಸದಾಗಿ ಬಂದಾಗ ಬಳ್ಳಾರಿ ಕಡೆಯ ಆಡುಮಾತಿನಲ್ಲಿದ್ದ ಒಂದು ಕಥಾ ಸಂಕಲನ ಕೈಗೆ ಬಂತು. ಲೇಖಕರು ಒಂದು ಕಡೆ 'ಬ್ಯಾಡ' ಬರೆದಿದ್ದರು, ಅದರ ಮುಂದಿನ ಸಾಲಿನಲ್ಲೇ 'ಬೇಕು'. ಒಂದು ಕಡೆ 'ಮ್ಯಾಲೆ', ಇನ್ನೊಂದು ಕಡೆ 'ಮೇವು'. 'ದ್ಯಾವರು' ಇತ್ತು, 'ದೇವಿ'ಯೂ ಇತ್ತು. ಬರವಣಿಗೆಯಲ್ಲಿ ಏಕರೂಪತೆ ಇಲ್ಲ, ಲೇಖಕರು ಅವಸರದಲ್ಲಿ ಬರೆದಿದ್ದಾರೆ ಅಂದುಕೊಂಡೆ. ಕೆಂಪು ಪೆನ್ನು ಹಿಡಿದು ಇಡೀ ಪುಸ್ತಕವನ್ನು ಒಂದು ಹದಕ್ಕೆ ತಂದೆ. ಬೇಕು ಎಂಬುದೆಲ್ಲ ಬ್ಯಾಕು ಆಯಿತು. ಮೇವು ಮ್ಯಾವು ಆಯಿತು. ದೇವಿಯನ್ನೂ ಬಿಡಲಿಲ್ಲ, ದ್ಯಾವಿ ಮಾಡಿದೆ. ಪುಸ್ತಕ ಹಾಗೇ ಅಚ್ಚಾಯಿತು. ಲೇಖಕರು ಫೋನ್ ಮಾಡಿದವರು ಬೈಯಲಿಲ್ಲ. "ನಮ್ಮೂರಾಗ ಯಾರೂ ಹಿಂಗ ಮಾತಾಡಂಗಿಲ್ರಿ" ಅಂದರು, ಅಷ್ಟೆ. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಆ ಲೇಖಕರ ಬರವಣಿಗೆಯಲ್ಲಿ ನಿಯಮ ಇರಲಿಲ್ಲ ಎಂಬುದು ನನ್ನ ಭ್ರಮೆ. ನಿಯಮ ಇತ್ತು, ಅದು ನನಗೆ ಗೊತ್ತಿರಲಿಲ್ಲ.

ನಿಯಮ ಇಷ್ಟು. ಪದದ ಮೊದಲಲ್ಲಿ 'ಏ' ಇದ್ದು, ಮುಂದಿನ ಅಕ್ಷರದಲ್ಲಿ 'ಅ' ಇಲ್ಲವೇ 'ಎ' ಬಂದರೆ ಆ ಏ ಬಾಯಿ ಅಗಲಿಸಿಕೊಂಡು 'ಯಾ' ಆಗುತ್ತದೆ. ಮುಂದಿನ ಅಕ್ಷರದಲ್ಲಿ 'ಇ' ಇಲ್ಲವೇ 'ಉ' ಬಂದರೆ ಏ ಅಲುಗಾಡುವುದಿಲ್ಲ. ಆದ್ದರಿಂದ ಬೇಡ ಬ್ಯಾಡ ಆಗುತ್ತದೆ, ಬೇಕು ಬೇಕಾಗಿಯೇ ಉಳಿಯುತ್ತದೆ. ಬೇರೆ ಎಂಬುದು ಬ್ಯಾರೆ, ಗಿಡದ ಬೇರು ಮಾತ್ರ ಬೇರು. ಮೇಕೆ ಮ್ಯಾಕೆ, ಅದು ತಿನ್ನುವ ಮೇವು ಮೇವು. ದೇವರು ದ್ಯಾವರು, ದೇವಿ ದೇವಿಯೇ. 'ಓ' ಸ್ವರಕ್ಕೂ ಇದೇ ಕಟ್ಟಳೆ. ತೋಟ ತ್ವಾಟ, ಕೋಣ ಕ್ವಾಣ, ಗೋಡೆ ಗ್ವಾಡೆ. ಕೋಳಿಯನ್ನು ಯಾರೂ ಕ್ವಾಳಿ ಅನ್ನುವುದಿಲ್ಲ, ಹೋರಿಯನ್ನು ಹ್ವಾರಿ ಅನ್ನುವುದಿಲ್ಲ. ಕಾಡಿನ ತೋಳ ತ್ವಾಳ, ಮೈಮೇಲಿನ ತೋಳು ತೋಳು. ಒಂದೇ ಅಡುಗೆಮನೆಯಲ್ಲಿ ಜ್ವಾಳದ ರೊಟ್ಟಿಯೂ ಗೋದಿ ಹುಗ್ಗಿಯೂ ಬೇಯುತ್ತವೆ. ಅಜ್ಜಿಯ ಮಾತನ್ನು ಈಗ ಮತ್ತೊಮ್ಮೆ ಓದಿ. ಬ್ಯಾಡ್ರಿ, ಮ್ಯಾಲೆ, ಹ್ವಾದ, ಮತ್ತೆ ಮ್ಯಾಲೆ, ಬೇಕೇನು. ಬಾಲದ 'ರಿ', 'ಏನು' ಬಿಟ್ಟು ನೋಡಿದರೆ ಐದೂ ಕಡೆ ಕಟ್ಟಳೆ ಪಾಲನೆಯಾಗಿದೆ. ಯಾವ ಸಾಲಿಯ ಮೇಷ್ಟ್ರೂ ಇದನ್ನು ಹೇಳಿಕೊಟ್ಟದ್ದಲ್ಲ.

ಇದರೊಳಗೆ ಇನ್ನೊಂದು ಪದರ ಇದೆ, ನನಗೆ ತುಂಬ ಇಷ್ಟವಾದದ್ದು. ಹರಪನಹಳ್ಳಿ, ಹಡಗಲಿ ಕಡೆ ಪದದ ಕೊನೆಯ 'ಎ' ಎಷ್ಟೋ ಬಾಯಲ್ಲಿ 'ಇ' ಆಗುತ್ತದೆ. ಮನೆ ಮನಿ, ಶಾಲೆ ಸಾಲಿ, ಪೇಟೆ ಪ್ಯಾಟಿ. ತುಂಗಭದ್ರೆಯ ಆಚೆ ದಡದ ಗಾಳಿ ಹೆಚ್ಚು ಬೀಸುವ ಊರುಗಳಲ್ಲಿ ಇದು ಹೆಚ್ಚು, ದಾವಣಗೆರೆ ಕಡೆ ಮುಖ ಮಾಡಿದ ಊರುಗಳಲ್ಲಿ ಕಡಿಮೆ. ಈಗ 'ಪ್ಯಾಟಿ' ನೋಡಿ. ಮುಂದಿನ ಅಕ್ಷರದಲ್ಲಿ ಇ ಇದೆ. ಕಟ್ಟಳೆಯ ಪ್ರಕಾರ ಅದು 'ಪೇಟಿ' ಆಗಿರಬೇಕಿತ್ತಲ್ಲ? ಆಗಲಿಲ್ಲ. ಯಾಕೆಂದರೆ ಪೇಟೆ ಮೊದಲು ಪ್ಯಾಟೆ ಆಯಿತು, ಆಮೇಲೆ ಕೊನೆಯ ಎ ಜಾರಿ ಇ ಆಯಿತು. ಬೇಲಿ ಹಾಗಲ್ಲ, ಅದಕ್ಕೆ ಮೊದಲಿನಿಂದಲೂ ಇ ಇತ್ತು. ಆದ್ದರಿಂದ ಅದು ಬ್ಯಾಲಿ ಆಗಲಿಲ್ಲ. ಪ್ಯಾಟಿ, ಬೇಲಿ ಎಂಬ ಎರಡು ಪದಗಳನ್ನು ಅಕ್ಕಪಕ್ಕ ಇಟ್ಟರೆ ಯಾವ ಬದಲಾವಣೆ ಮೊದಲು ಬಂತು, ಯಾವುದು ಆಮೇಲೆ ಬಂತು ಎಂದು ತಿಳಿಯುತ್ತದೆ. ಗೋಡೆಯ ಸುಣ್ಣ ಕೆರೆದರೆ ಕೆಳಗಿನ ಹಳೆಯ ಬಣ್ಣ ಕಾಣುವ ಹಾಗೆ. ಕಾದಂಬರಿಕಾರ 'ಪ್ಯಾಟಿ' ಎಂದು ಬರೆದದ್ದನ್ನು 'ಪೇಟೆ' ಮಾಡಿದ ತಿದ್ದುಗಾರ ಒಂದು ಪದವನ್ನಷ್ಟೇ ಬದಲಿಸಿದ ಹಾಗಲ್ಲ, ಈ ಪದರವನ್ನೂ ಅಳಿಸಿದ ಹಾಗೆ.

ಬರೆಯುವ ಕಷ್ಟವೂ ಇಲ್ಲೇ ಇದೆ. ಅಜ್ಜಿಯ ಬಾಯಲ್ಲಿ ಬಂದ ಸ್ವರ ನಿಜವಾಗಿ 'ಯಾ' ಅಲ್ಲ, ಬಾಯಿ ಅಗಲಿಸಿ ಅಂದ 'ಏ'. ಅದಕ್ಕೆ ನಮ್ಮ ವರ್ಣಮಾಲೆಯಲ್ಲಿ ಅಕ್ಷರ ಇಲ್ಲ. ಹಾಗಾಗಿ ಯ ಒತ್ತು ಕೊಟ್ಟು, ದೀರ್ಘ ಎಳೆದು ಬರೆಯುತ್ತೇವೆ. ಇಂಗ್ಲಿಷಿನಿಂದ ಬಂದ ಬ್ಯಾಂಕು, ಕ್ಯಾಮೆರಾ, ಮ್ಯಾನೇಜರುಗಳನ್ನೂ ಹೀಗೇ ಬರೆಯುತ್ತೇವೆ. ಅವು ಸಲೀಸಾಗಿ ಪಠ್ಯಪುಸ್ತಕಕ್ಕೂ ನಿಘಂಟಿಗೂ ಹೋದವು. 'ಬ್ಯಾಂಕು' ಶಿಷ್ಟ, 'ಬ್ಯಾಡ' ಅಶಿಷ್ಟ ಎಂದು ಇವತ್ತಿಗೂ ನಂಬಿದ್ದೇವೆ. ಹೊರಗಿನಿಂದ ಬಂದ ಸ್ವರಕ್ಕೆ ಸಿಕ್ಕಿದ ಮರ್ಯಾದೆ ಮನೆಯ ಸ್ವರಕ್ಕೆ ಸಿಗಲಿಲ್ಲ. ಇದು ಅನ್ಯಾಯ ಎಂದೇ ನನ್ನ ಭಾವನೆ.

ಬೆಟ್ಟದ ಮೇಲೆ ಕೂತಾಗ ಊರಿನ ಹೆಸರೇ ತಲೆಯಲ್ಲಿ ಸುತ್ತತೊಡಗಿತು. ಕದಂಬರ ಕಾಲದ ಶಾಸನಗಳಲ್ಲಿ ಇದು ಉಚ್ಚಶೃಂಗಿ, ಎತ್ತರದ ಶಿಖರದ ಊರು. ಜನರ ನಾಲಗೆ ಅದನ್ನು ಉಜ್ಜಿ ಉಜ್ಜಿ ನಯ ಮಾಡಿತು. ನಡುವಿನ 'ಶೃ' ಕರಗಿ ಉಚ್ಚಂಗಿ ಉಳಿಯಿತು. ಗಂಗರ ಮಾರಸಿಂಹ 10ನೇ ಶತಮಾನದಲ್ಲಿ ನೊಳಂಬರಿಂದ ಈ ಕೋಟೆ ಕಿತ್ತುಕೊಂಡ. ಆಮೇಲೆ ಉಚ್ಚಂಗಿ ಪಾಂಡ್ಯರು ಆಳಿದರು. 1177ರಲ್ಲಿ ಹೊಯ್ಸಳರ ಇಮ್ಮಡಿ ವೀರಬಲ್ಲಾಳ ಇದನ್ನು ಗೆದ್ದು ಗಿರಿದುರ್ಗಮಲ್ಲ ಎಂಬ ಬಿರುದು ಹೊತ್ತ. ಆ ಕಾಲದ ಕಲ್ಲುಕುಟಿಗರು ಅರ್ಕಾವತ್ತಿನ ಜೊತೆ ಬರುವ ಅಕ್ಷರವನ್ನು ಇಮ್ಮಡಿಸಿ ಕೆತ್ತುತ್ತಿದ್ದರು. ದುರ್ಗ ದುರ್ಗ್ಗ, ಧರ್ಮ ಧರ್ಮ್ಮ. ಅವತ್ತಿನ ಸರಿ ಕಾಗುಣಿತ ಅದೇ. ಇವತ್ತು ಐದನೇ ಕ್ಲಾಸಿನ ಹುಡುಗಿ ಹಾಗೆ ಬರೆದರೆ ಅರ್ಧ ಅಂಕ ಹೋಗುತ್ತದೆ.

ಬೆಟ್ಟದ ಮೇಲಿನ ದೇವಿಯ ಹೆಸರಂತೂ ಒಂದೊಂದು ಬೋರ್ಡಿನಲ್ಲಿ ಒಂದೊಂದು. ಉಚ್ಚಂಗೆಮ್ಮ, ಉಚ್ಚೆಂಗೆಮ್ಮ, ಸಂಸ್ಕೃತ ಮಾಡಲು ಹೋದವರ ಕೈಯಲ್ಲಿ ಉತ್ಸವಾಂಬ. ಯಾವುದು ಸರಿ ಎಂದು ಕೇಳುವ ಮುಂಚೆ ಅದರಿಂದ ಹುಟ್ಟಿದ ಮಕ್ಕಳ ಹೆಸರು ನೋಡಬೇಕು. ಸುತ್ತಲ ಹಳ್ಳಿಗಳಲ್ಲಿ ಉಚ್ಚೆಂಗೆಪ್ಪ ಇದ್ದಾನೆ, ಉಚ್ಚೆಂಗೆವ್ವ ಇದ್ದಾಳೆ. ದುರ್ಗದಿಂದ ದುರುಗಪ್ಪ, ದುರುಗವ್ವ. 'ರ್ಗ' ಎಂಬ ಬಿಗಿಯಾದ ಗಂಟಿನ ನಡುವೆ ಒಂದು ಉಕಾರ ತೂರಿಸಿ ಸಡಿಲ ಮಾಡುವುದು ನಮ್ಮ ಬಾಯಿಯ ಹಳೆಯ ಜಾಣತನ. ಕೇಶಿರಾಜ 13ನೇ ಶತಮಾನದಲ್ಲಿ 'ಶಬ್ದಮಣಿದರ್ಪಣ'ದಲ್ಲಿ ತದ್ಭವಗಳಿಗೆ ಸೂತ್ರ ಬರೆದಾಗ ಇಂಥ ಜಾಣತನವನ್ನೇ ವಿವರಿಸಿದ್ದು. ಆತ ಬರೆದು ಮುಗಿಸಿದ ಮೇಲೂ ಜನ ತದ್ಭವ ಮಾಡುವುದನ್ನು ನಿಲ್ಲಿಸಿಲ್ಲ.

ಪದ ಕಟ್ಟುವ ಕೆಲಸದಲ್ಲಿ ಈ ಸೀಮೆಯ ಚುರುಕುತನ ನೋಡಬೇಕೆಂದರೆ ಕೊಟ್ಟೂರಿಗೆ ಹೋಗಬೇಕು. ಅಲ್ಲಿಯ ದೇವರ ಹೆಸರು ಗುರು ಕೊಟ್ಟೂರು ಬಸವೇಶ್ವರ. ಆ ಉದ್ದ ಹೆಸರಿನಿಂದ ಕೊಟ್ಟೂರೇಶ್ವರ, ಅದರಿಂದ ಕೊಟ್ರೇಶ, ಅದರಿಂದ ಕೊಟ್ರಪ್ಪ, ಕೊಟ್ರಗೌಡ, ಕೊಟ್ರವ್ವ, ಕೊನೆಗೆ ತಾಯಿ ಕರೆಯುವ ಹಾಗೆ ಬರೀ ಕೊಟ್ರ. 'ಟ್ಟೂರೇ' ಎಂಬ ಇಷ್ಟುದ್ದದ ದಾರಿಯನ್ನು 'ಟ್ರೇ' ಎಂದು ಒಂದೇ ಜಿಗಿತದಲ್ಲಿ ದಾಟಿಬಿಟ್ಟರು. ಹಗರಿಬೊಮ್ಮನಹಳ್ಳಿಯದು ಇನ್ನೊಂದು ಬಗೆ. ಬಸ್ಸಿನ ಬೋರ್ಡಿನಲ್ಲಿ, ಪತ್ರಿಕೆಯ ಸುದ್ದಿಯಲ್ಲಿ ಅದು ಹಬೊಹಳ್ಳಿ. ಯಾವ ಸಮಿತಿಯೂ ಕೂತು ತೀರ್ಮಾನಿಸಿದ್ದಲ್ಲ. ಬಾಯಿಗೆ ಬೇಕಿತ್ತು, ಆಯಿತು.

ಈ ಕೊಟ್ರನನ್ನು ಕನ್ನಡ ಸಾಹಿತ್ಯಕ್ಕೆ ತಂದವರು ಕೊಟ್ಟೂರಿನವರೇ ಆದ ಕುಂಬಾರ ವೀರಭದ್ರಪ್ಪ, ಅಂದರೆ ನಮ್ಮ ಕುಂ. ವೀರಭದ್ರಪ್ಪ, ಇನ್ನೂ ಸಣ್ಣದಾಗಿ ಕುಂವೀ. ಹುಟ್ಟಿದ್ದು 1953ರಲ್ಲಿ. ಬಳ್ಳಾರಿ ಮದರಾಸು ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ ವರ್ಷದ ಅಕ್ಟೋಬರ್‌ನಲ್ಲಿ. 'ಕೊಟ್ರ ಹೈಸ್ಕೂಲಿಗೆ ಸೇರಿದ್ದು' ಎಂಬ ಅವರ ಕಥೆಯಿಂದ ನಾಗತಿಹಳ್ಳಿ ಚಂದ್ರಶೇಖರ್ 1994ರಲ್ಲಿ 'ಕೊಟ್ರೇಶಿ ಕನಸು' ಚಿತ್ರ ಮಾಡಿದರು. ಕೊಟ್ರ ಅಲ್ಲಿ ಕೊಟ್ರೇಶಿ ಆದ. ಒಂದೇ ಹುಡುಗ, ಕಥೆಗೆ ಒಂದು ಪ್ರತ್ಯಯ, ಸಿನಿಮಾಕ್ಕೆ ಇನ್ನೊಂದು. ಓದಿ ದೊಡ್ಡವನಾಗಬೇಕೆಂಬ ದಲಿತ ಹುಡುಗನ ಆಸೆಯ ಕಥೆ ಅದು. ಊರು ಅವನನ್ನು ಹೇಗೆ ಕರೆಯುತ್ತದೆ ಎಂಬುದು ಆ ಕಥೆಯಲ್ಲಿ ಸಣ್ಣ ಸಂಗತಿಯಲ್ಲ.

ಕುಂವೀ ಮಾಡಿದ ದೊಡ್ಡ ಕೆಲಸ ಬೇರೆ ಇದೆ. ಅವರಿಗಿಂತ ಹಿಂದಿನ ಬಹಳಷ್ಟು ಕಾದಂಬರಿಗಳಲ್ಲಿ ಒಂದು ಒಪ್ಪಂದ ಇತ್ತು. ಪಾತ್ರಗಳು ಜಗಳವಾಡುವಾಗ, ಅಳುವಾಗ, ಸಾಲ ಕೇಳುವಾಗ ಊರಮಾತು. ಲೇಖಕ ಬಾಯಿ ತೆರೆದರೆ ಶಿಷ್ಟ ಕನ್ನಡ. ಉದ್ಧರಣ ಚಿಹ್ನೆಯೇ ಗಡಿ. ಗಡಿಯ ಒಳಗೆ ಪಾತ್ರ, ಹೊರಗೆ ಓದು ಬಲ್ಲ ಲೇಖಕ. ಓದುಗನಿಗೆ ಇದು ಸಲೀಸು. ಆದರೆ ಇದರಲ್ಲಿ ಒಂದು ಮೇಲು-ಕೀಳು ಅಡಗಿ ಕೂತಿರುತ್ತದೆ. ಕುಂವೀ ಆ ಗಡಿ ಮುರಿದರು. 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಅರಮನೆ'ಯಲ್ಲಿ ಥಾಮಸ್ ಮನ್ರೋನ ಕಾಲದ ಕಥೆ ಹೇಳುವ ದನಿಯೇ ಕಟ್ಟೆಯ ಮೇಲೆ ಕೂತವರ ದನಿ. ಸಂಸ್ಕೃತದ ಘನವಾದ ಸಮಾಸ ಒಂದು, ಅದರ ಬೆನ್ನಿಗೇ ಹೊಲಗೇರಿಯ ಮಾತೊಂದು, ನಡುವೆ ತೆಲುಗಿನ ಹದ. ಉಸಿರು ಬಿಡಲು ಜಾಗ ಕೊಡದಂಥ ಉದ್ದುದ್ದ ವಾಕ್ಯ. ಮೇಷ್ಟ್ರಾಗಿ ಆಂಧ್ರದ ಹಳ್ಳಿಗಳಲ್ಲಿ ದುಡಿದವರ ಕಿವಿ ಅದು. ಅಂಥ ಗದ್ಯವನ್ನು ತಿದ್ದಲು ಕೂತವನಿಗೆ ಶಿಷ್ಟ ಕನ್ನಡದ ನಿಘಂಟೊಂದೇ ಸಾಕಾಗುವುದಿಲ್ಲ. ದಕ್ಷಿಣದ ತುದಿಯಲ್ಲಿ ದೇವನೂರ ಮಹಾದೇವ 'ಕುಸುಮಬಾಲೆ'ಯಲ್ಲಿ ಇದನ್ನೇ ನಂಜನಗೂಡಿನ ಕಡೆಯ ಮಾತಿನಲ್ಲಿ ಮಾಡಿದರು. ಎರಡು ಪುಸ್ತಕಗಳ ಕಾಗುಣಿತ ಬೇರೆ ಬೇರೆ. ಆಯಾ ಊರಿನಲ್ಲಿ ಎರಡೂ ಸರಿ.

ಸಾವಿರದ ನೂರೈವತ್ತು ವರ್ಷದ ಹಿಂದೆಯೇ 'ಕವಿರಾಜಮಾರ್ಗ' ಈ ಸಂಕಟ ಕಂಡಿತ್ತು. ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನಲ್ಲಿ ಒಂದೊಂದು ಕಡೆ ಒಂದೊಂದು ಕನ್ನಡ, ಅವುಗಳಲ್ಲಿ ತಪ್ಪು ಇಷ್ಟೇ ಎಂದು ಲೆಕ್ಕ ಹಾಕಲು ಹೊರಟರೆ ವಾಸುಕಿಯೂ ಬೇಸತ್ತು ಕೈಬಿಡುತ್ತಾನೆ ಎನ್ನುತ್ತದೆ ಆ ಗ್ರಂಥ. ಸಂಸ್ಕೃತ ಪದಕ್ಕೆ ಕನ್ನಡ ಪದ ಅಂಟಿಸಿ ಸಮಾಸ ಮಾಡುವುದನ್ನು ಮಾತ್ರ ಅದು ಒಪ್ಪಲಿಲ್ಲ. ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿಟ್ಟ ಹಾಗೆ ಎಂದಿತು. ಆ ಮಾತು ನಮ್ಮ ಹರಪನಹಳ್ಳಿಯ ಒಬ್ಬ ಲೇಖಕರಿಗೆ ತಲುಪಲಿಲ್ಲ, ತಲುಪಿದ್ದರೂ ಅವರು ಕೇಳುತ್ತಿರಲಿಲ್ಲ.

ಅವರು ಬೀಚಿ. ರಾಯಸಂ ಭೀಮಸೇನರಾವ್. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿ, ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡುತ್ತ, ಅನಕೃ ಅವರ 'ಸಂಧ್ಯಾರಾಗ' ಓದಿ ಕನ್ನಡಕ್ಕೆ ಒಲಿದವರು. ನಗೆಬರಹಗಾರ ಎಂದಷ್ಟೇ ಅವರನ್ನು ನೆನೆಯುತ್ತೇವೆ. ನನ್ನ ಪಾಲಿಗೆ ಅವರು ಕಾಗುಣಿತದ ದೊಡ್ಡ ಪ್ರಯೋಗಶೀಲ. ತಮ್ಮ ಹೆಸರಿನ 'ಬೀ'ಯನ್ನು ಕನ್ನಡದಲ್ಲೂ 'ಚಿ'ಯನ್ನು ಮೂರು ಇಂಗ್ಲಿಷ್ ಅಕ್ಷರದಲ್ಲೂ ಬರೆದರು. ಎರಡು ಲಿಪಿ ಕೂಡಿಸಿ ಒಂದು ಹೆಸರು ಕಟ್ಟಿದವರು ನಮ್ಮಲ್ಲಿ ಇನ್ನೊಬ್ಬರು ನನಗೆ ಗೊತ್ತಿಲ್ಲ. ಅವರ ನಾಯಕ ತಿಮ್ಮನಲ್ಲ, ತಿಂಮ. ಮಕಾರಕ್ಕೆ ಒತ್ತು ಕೊಡದೆ ಸೊನ್ನೆ ಬರೆದರು. ಉಚ್ಚಾರಣೆಯಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಆದರೆ ಕಣ್ಣಿಗೆ ಬಿದ್ದ ಕೂಡಲೇ ಇವನು ಊರಿನ ನೂರು ತಿಮ್ಮಂದಿರಲ್ಲಿ ಒಬ್ಬನಲ್ಲ, ಬೀಚಿಯ ತಿಂಮ ಎಂದು ಗುರುತು ಸಿಗುತ್ತದೆ.

ಈ ತಿಂಮನ ಮೇಲೆ ಅವರು 'ತಿಂಮಾಯಣ' ಬರೆದರು. ಇಲ್ಲಿ ಸ್ವಲ್ಪ ನಿಲ್ಲಬೇಕು. ರಾಮ, ಅಯನ ಸೇರಿದಾಗ ನಕಾರ ಣಕಾರವಾಗಲು ಹಿಂದೆ ಇರುವ ರಕಾರ ಕಾರಣ, ಅದು ಸಂಸ್ಕೃತ ವ್ಯಾಕರಣದ ನಿಯಮ. ರಾವಬಹಾದ್ದೂರರ 'ಗ್ರಾಮಾಯಣ'ದಲ್ಲೂ ರಕಾರ ಇದೆ, ಆದ್ದರಿಂದ ಅಲ್ಲಿಯ ಣ ಪಂಡಿತರಿಗೂ ಒಪ್ಪಿಗೆ. ತಿಂಮನಲ್ಲಿ ರಕಾರ ಎಲ್ಲಿದೆ? ಲೆಕ್ಕದ ಪ್ರಕಾರ ಅದು ತಿಂಮಾಯನ ಆಗಬೇಕು. ಹಾಗೆ ಬರೆದಿದ್ದರೆ ಪುಸ್ತಕದ ಹೆಸರು ಸತ್ತೇಹೋಗುತ್ತಿತ್ತು. ಕನ್ನಡಿಗರ ಕಿವಿಯಲ್ಲಿ 'ಆಯಣ' ಎಂಬುದೇ ಒಂದು ಪ್ರತ್ಯಯವಾಗಿ ಕೂತಿದೆ, ದೊಡ್ಡ ಕಥೆ ಎಂಬ ಅರ್ಥದಲ್ಲಿ. ಬೀಚಿ ಆ ಕಿವಿಯನ್ನು ನಂಬಿದರು. ಪದ ಹುಟ್ಟುವುದು ಹೀಗೆ.

ಇನ್ನು ಅವರ ಆತ್ಮಕಥೆ. ಅದರ ಹೆಸರು 'ನನ್ನ ಭಯಾಗ್ರಫಿ'. ಇಂಗ್ಲಿಷಿನ ಬಯಾಗ್ರಫಿಗೆ ಒಂದು ಮಹಾಪ್ರಾಣ ಸೇರಿಸಿದರು. ಹೊಟ್ಟೆ ಸೀಳಿದ ಆ ಒಂದು ಗೆರೆಯಲ್ಲಿ ಬದುಕಿನ ಭಯವೆಲ್ಲ ಬಂದು ಕೂತಿತು.

ಈ ಒಂದು ಗೆರೆಯ ಕಾರಣಕ್ಕೇ ನಾನು ಒಂದು ದೊಡ್ಡ ವಾದದಲ್ಲಿ ಪೂರ್ತಿ ಒಂದು ಪಕ್ಷಕ್ಕೆ ಸೇರಲು ಆಗಿಲ್ಲ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕನ್ನಡ ಬರಹದಿಂದ ಹತ್ತೂ ಮಹಾಪ್ರಾಣಗಳನ್ನು, ಷಕಾರವನ್ನು, ಋಕಾರವನ್ನು ಬಿಡೋಣ ಎಂದರು. ಬರೀ ಹೇಳಲಿಲ್ಲ, ತಮ್ಮ ಪುಸ್ತಕಗಳನ್ನೇ ಹಾಗೆ ಬರೆದರು. ವ್ಯಾಕರಣ ಎನ್ನದೆ ಸೊಲ್ಲರಿಮೆ ಎಂದರು, ಕನ್ನಡದ ಬೇರುಗಳಿಂದಲೇ ಹೊಸ ಪದ ಕಟ್ಟುವ ಬಗೆಗಳನ್ನು ಒಂದು ಪುಸ್ತಕವಾಗಿ ಹೇಳಿಕೊಟ್ಟರು. ಅವರ ವಾದದ ತಿರುಳು ನ್ಯಾಯವಾದದ್ದು. ಉಚ್ಚಂಗಿಯ ಮೆಟ್ಟಿಲ ಮೇಲಿನ ಅಜ್ಜಿ 'ಭಂಡಾರ' ಅನ್ನಲಿಲ್ಲ, 'ಬಂಡಾರ' ಅಂದರು. ಧರ್ಮ ಇಲ್ಲಿ ದರುಮ, ಭೂಮಿ ಬೂಮಿ. ಬಾಯಲ್ಲಿ ಇಲ್ಲದ ಅಕ್ಷರಕ್ಕಾಗಿ ಹಳ್ಳಿಯ ಮಕ್ಕಳ ಕೈಗೆ ಏಟು ಬಿದ್ದಿದೆ, ಅಂಕ ಹೋಗಿದೆ, ಕೆಲವರು ಸಾಲಿಯನ್ನೇ ಬಿಟ್ಟಿದ್ದಾರೆ. ಅದನ್ನು ಕಂಡವರು ಭಟ್ಟರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಆದರೆ ಮಹಾಪ್ರಾಣ ಪೂರ್ತಿ ಹೋದರೆ 'ಭಯಾಗ್ರಫಿ' ಎಂಬ ಹೆಸರೇ ಹುಟ್ಟುವುದಿಲ್ಲ. ಹರಪನಹಳ್ಳಿಯ ಬಾಯಲ್ಲಿ ಇಲ್ಲದ ಅಕ್ಷರ ಹರಪನಹಳ್ಳಿಯ ಲೇಖಕನ ಪೆನ್ನಿಗೆ ಬೇಕಾಯಿತು. ಕಲಿಯುವ ಮಗುವಿಗೆ ರಿಯಾಯಿತಿ ಇರಲಿ, ಕಥೆಗಾರನ ಪೆಟ್ಟಿಗೆಯಲ್ಲಿ ಎಲ್ಲ ಅಕ್ಷರವೂ ಇರಲಿ ಎಂಬಲ್ಲಿಗೆ ನಾನು ಬಂದು ನಿಂತಿದ್ದೇನೆ.

ಅಕ್ಷರ ತಾನಾಗಿಯೇ ಬಿದ್ದುಹೋಗುವುದೂ ಉಂಟು. ಕೋಳಿಯ ಳಕಾರ ಒಂದು ಕಾಲಕ್ಕೆ ೞ ಆಗಿತ್ತು, ಏಳು ಎಂಬ ಲೆಕ್ಕ ಏೞು. ಕೇಶಿರಾಜನ ಹೊತ್ತಿಗೇ ಜನರಿಗೆ ಗೊಂದಲ ಹತ್ತಿತ್ತು, ಆದ್ದರಿಂದ ಆತ ಯಾವ ಪದದಲ್ಲಿ ೞ ಬರುತ್ತದೆ ಎಂದು ಪಟ್ಟಿಯನ್ನೇ ಕೊಟ್ಟ. ಪಟ್ಟಿ ಉಳಿಯಿತು, ಅಕ್ಷರ ಹೋಯಿತು. ಕಂಪ್ಯೂಟರಿನ ಯುನಿಕೋಡ್ ಪಟ್ಟಿಗೆ ಅದನ್ನು ಸೇರಿಸುವಾಗ ಯಾರದೋ ಕಣ್ತಪ್ಪಿನಿಂದ ಅದಕ್ಕೆ 'ಫ' ಎಂಬ ಹೆಸರು ಬಿತ್ತು. ಒಮ್ಮೆ ಕೊಟ್ಟ ಹೆಸರು ಬದಲಿಸಬಾರದೆಂಬುದು ಅಲ್ಲಿಯ ಕಟ್ಟುಪಾಡು. ಹಾಗಾಗಿ ತಪ್ಪು ಹೆಸರು ಹಾಗೇ ಇದೆ, ಪಕ್ಕದಲ್ಲಿ ಸರಿ ಹೆಸರನ್ನು ಟಿಪ್ಪಣಿಯಾಗಿ ಸೇರಿಸಿದ್ದಾರೆ.

ಸರ್ಕಾರವೇ ಆಜ್ಞೆ ಹೊರಡಿಸಿ ಕಾಗುಣಿತ ಬದಲಿಸಿದರೆ ಕಥೆಗಾರರ ಗತಿ ಏನು? ಇದಕ್ಕೆ ಇಂಡೊನೇಷ್ಯಾ ನೋಡಬೇಕು. ಡಚ್ಚರ ಆಳ್ವಿಕೆಯಲ್ಲಿ 1901ರಲ್ಲಿ ಮಲಯ ಭಾಷೆಗೆ ರೋಮನ್ ಕಾಗುಣಿತ ಗೊತ್ತುಮಾಡಿದರು. ಅದರಲ್ಲಿ 'ಉ' ಬರೆಯಲು ಓ, ಈ ಎಂಬ ಎರಡು ಇಂಗ್ಲಿಷ್ ಅಕ್ಷರ ಬೇಕಿತ್ತು. ಸ್ವಾತಂತ್ರ್ಯ ಸಾರಿದ ಮೇಲೆ 1947ರಲ್ಲಿ ಸಚಿವ ಸುವಾಂದಿ ಅದನ್ನು ತೆಗೆದು ಒಂದೇ ಅಕ್ಷರ ಮಾಡಿದರು. 1972ರ ಆಗಸ್ಟ್‌ನಲ್ಲಿ ಮತ್ತೊಂದು ಸುಧಾರಣೆ ಬಂತು. ಚ, ಜ, ಯ ಬರೆಯುವ ರೀತಿಯೇ ಬದಲಾಯಿತು. ಎಪ್ಪತ್ತು ವರ್ಷದಲ್ಲಿ ಮೂರು ಕಾಗುಣಿತ. ಅಜ್ಜ ಓದಿದ ಕಾದಂಬರಿ ಮೊಮ್ಮಗನ ಕಣ್ಣಿಗೆ ಬೇರೆ ಭಾಷೆಯ ಹಾಗೆ ಕಾಣಿಸುತ್ತದೆ. ಆದರೂ ಅವರ ದೊಡ್ಡ ಕಾದಂಬರಿಕಾರ ಪ್ರಾಮುದ್ಯ ಅನಂತ ತೂರ್ ತಮ್ಮ ಹೆಸರಿನಲ್ಲಿ ಹಳೆಯ ಎರಡಕ್ಷರದ 'ಉ'ವನ್ನೇ ಕೊನೆವರೆಗೂ ಉಳಿಸಿಕೊಂಡರು. ಬುರು ದ್ವೀಪದ ಸೆರೆಯಲ್ಲಿ ಬರೆಯಲು ಬಿಡದಿದ್ದಾಗ ಅವರು ತಮ್ಮ ಕಾದಂಬರಿಯನ್ನು ಜೊತೆಯ ಕೈದಿಗಳಿಗೆ ಬಾಯಲ್ಲಿ ಹೇಳಿದರು. ಅದು 1980ರಲ್ಲಿ 'ಬೂಮಿ ಮನುಸಿಯಾ' ಎಂದು ಅಚ್ಚಾಯಿತು. ಹೆಸರಿನ ಅರ್ಥ ಮನುಷ್ಯರ ಭೂಮಿ. ಆ ಹೆಸರು ನೋಡಿದಾಗ ನನಗೆ ರೋಮಾಂಚನವಾಯಿತು. ಸಂಸ್ಕೃತದ ಭೂಮಿ ಕಡಲು ದಾಟಿ ಹೋಗಿ ಅಲ್ಲಿಯೂ ಮಹಾಪ್ರಾಣ ಕಳಚಿ ಬೂಮಿ ಆಗಿದೆ, ಅಜ್ಜಿಯ ಬಂಡಾರದ ಹಾಗೆ.

ಪದ ಕಟ್ಟುವುದರಲ್ಲೂ ಅವರಿಗೆ ನಮ್ಮಂಥದೇ ಜಗಳ ಇದೆ. ಅವರಲ್ಲಿ ಕ್ರಿಯಾಪದದ ಮೊದಲಿಗೆ 'ಮೆ' ಹಚ್ಚುತ್ತಾರೆ. ಹಚ್ಚಿದಾಗ ಮೊದಲಿನ ಕ, ತ, ಪ, ಸ ಅಕ್ಷರಗಳು ಕರಗಿ ಅನುನಾಸಿಕವಾಗುತ್ತವೆ. 'ತುಲಿಸ್' ಅಂದರೆ ಬರೆ, ಅದು 'ಮೆನುಲಿಸ್'. 'ಪುಕುಲ್' ಅಂದರೆ ಹೊಡೆ, ಅದು 'ಮೆಮುಕುಲ್'. ನಮ್ಮ ಆದೇಶ ಸಂಧಿ ನೆನಪಾಗುವುದಿಲ್ಲವೇ? ಮಳೆ, ಕಾಲ ಸೇರಿ ಮಳೆಗಾಲ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ಕಣ್, ಪನಿ ಸೇರಿ ಕಂಬನಿ. ಅಲ್ಲಿಯೂ ಇಲ್ಲಿಯೂ ಬಾಗುವುದು ಅದೇ ಕ, ತ, ಪ. ಮೋಡಿ ಎಂಬರ್ಥದ 'ಪೆಸೊನ'ದಿಂದ ಹುಟ್ಟಿದ ಪದವನ್ನು ಅಲ್ಲಿಯ ನಿಘಂಟು 'ಮೆಮೆಸೊನ' ಎಂದು ಬರೆಯಿರಿ ಅನ್ನುತ್ತದೆ. ಎಷ್ಟೋ ಲೇಖಕರು ಇನ್ನೂ 'ಮೆಂಪೆಸೊನ' ಎಂದೇ ಬರೆಯುತ್ತಾರೆ, ಅವರ ಕಿವಿಗೆ ಅದರಲ್ಲೇ ಮೋಡಿ ಇದೆ. ಪದವನ್ನು ಎರಡು ಸಲ ಹೇಳಿ ಬಹುವಚನ ಮಾಡುವುದು ಅಲ್ಲಿಯ ಪದ್ಧತಿ. 1947ರ ಕಾಗುಣಿತದಲ್ಲಿ ಎರಡನೇ ಸಲ ಬರೆಯುವ ಬದಲು ಪದದ ಪಕ್ಕ 2 ಎಂಬ ಅಂಕೆ ಹಾಕಿದರೂ ಸಾಕಿತ್ತು. ನಮ್ಮ 'ಬಸ್ಸು ಗಿಸ್ಸು', 'ಸಾಲಿ ಗೀಲಿ'ಗಳಿಗೆ ಅಂಥ ಅಂಕೆ ನಡೆಯುವುದಿಲ್ಲ. ನಮ್ಮ ಎರಡನೇ ಪದ ಮೊದಲನೆಯದರ ನಕಲು ಅಲ್ಲ, 'ಗಿ' ಎಂಬ ಬೇರೆ ಬಟ್ಟೆ ಹಾಕಿಕೊಂಡು ಬರುತ್ತದೆ.

ಇನ್ನು ನಮ್ಮ ಸೀಮೆಗೇ ಮರಳೋಣ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಫೈಲುಗಳಲ್ಲಿ ವಿಳಾಸ ಬದಲಾಗುತ್ತಲೇ ಇದೆ. ಮ್ಯಾಲೆ ಮ್ಯಾಲೆಯಾಗಿಯೇ ಇದೆ.

ಈಗ ಕರಡು ತಿದ್ದಲು ಕೂತಾಗ ನಾನು ಎರಡು ಬಗೆಯ ತಪ್ಪು ಹುಡುಕುತ್ತೇನೆ. ಒಂದು, ನಾನೇ ಮಾಡಿದ್ದಂಥದು, ಊರಮಾತನ್ನು ಶಿಷ್ಟದ ಕಡೆಗೋ ಏಕರೂಪದ ಕಡೆಗೋ ಎಳೆಯುವುದು. ಇನ್ನೊಂದು ಈಚೆಗೆ ಹೆಚ್ಚಾಗಿದೆ. ಊರು ಬಿಟ್ಟು ಎಷ್ಟೋ ವರ್ಷವಾದವರು ಮಣ್ಣಿನ ವಾಸನೆ ಬರಲಿ ಎಂದು ಕಂಡಕಂಡಲ್ಲಿ 'ಯಾ', 'ವಾ' ಸಿಂಪಡಿಸುತ್ತಾರೆ. ಕ್ವಾಳಿ, ಬ್ಯಾರು, ತ್ವಾಳು ಎಂದೆಲ್ಲ ಬರೆಯುತ್ತಾರೆ. ಇದು ಮೊದಲಿನದಕ್ಕಿಂತ ಕೆಟ್ಟದ್ದು. ಜನ ಆಡುವ ಭಾಷೆಗೆ ನೀತಿನಿಯಮ ಇಲ್ಲ, ಹೇಗೆ ಬರೆದರೂ ನಡೆಯುತ್ತದೆ ಎಂಬ ತಾತ್ಸಾರ ಅದರ ಒಳಗಿದೆ. ಇದೇ ಸೀಮೆಯ ಮೈಲಾರದ ಜಾತ್ರೆಯಲ್ಲಿ ಕಾರಣಿಕ ನುಡಿಯಲು ಗೊರವಪ್ಪ ಡೆಂಕನಮರಡಿಯಲ್ಲಿ ಬಿಲ್ಲು ಏರಿ 'ಸದ್ದಲೇ' ಅಂದ ಕೂಡಲೇ ಲಕ್ಷಾಂತರ ಜನ ಮೌನವಾಗುತ್ತಾರೆ. ಅವನು ಆಡುವುದು ಒಂದೇ ಸಾಲು, ಆಮೇಲೆ ಪರಾಕ್. ಆ ಒಂದು ಸಾಲಿನ ಒಂದೊಂದು ಅಕ್ಷರವನ್ನೂ ಹಿಡಿದು ಮಳೆ, ಬೆಳೆ, ರಾಜಕಾರಣದ ಅರ್ಥ ತೆಗೆಯುತ್ತಾರೆ. ಆಡಿದ ಮಾತನ್ನು ಇಷ್ಟು ಜತನವಾಗಿ ಕೇಳುವ ಸೀಮೆ ಇದು. ಬರೆಯುವವರೂ ಅಷ್ಟೇ ಜತನವಾಗಿ ಕೇಳಬೇಕು.

ನನ್ನ ಕಟ್ಟಳೆಗೆ ಒಂದು ಪದ ಮಾತ್ರ ಬಹಳ ದಿನ ಅಡ್ಡ ನಿಂತಿತ್ತು. ಬೇಸಿಗೆ. ಮುಂದೆ 'ಸಿ' ಇದೆ, ಇಕಾರ. ಏ ಅಲುಗಬಾರದು. ಆದರೆ ಈ ಭಾಗದಲ್ಲಿ ಎಲ್ಲರೂ 'ಬ್ಯಾ' ಎಂದೇ ಶುರು ಮಾಡುತ್ತಾರೆ. ಕಟ್ಟಳೆಯೇ ತಪ್ಪಿರಬಹುದೇ ಎಂದು ಅನುಮಾನ ಹತ್ತಿತ್ತು. ಕಳೆದ ತಿಂಗಳು ಹರಪನಹಳ್ಳಿ ಕಡೆಯ ಒಬ್ಬ ಹೊಸ ಕಥೆಗಾರ್ತಿಯ ಕರಡು ನನ್ನ ಮೇಜಿಗೆ ಬಂತು. ಬ್ಯಾಡ, ಬೇಕು, ದ್ಯಾವರು, ದೇವಿ ಎಲ್ಲ ತಮ್ಮ ತಮ್ಮ ಜಾಗದಲ್ಲಿ ಸರಿಯಾಗಿ ಕೂತಿದ್ದವು. ಒಂದು ಕಡೆ 'ಬ್ಯಾಸಿಗಿ' ಎಂದಿತ್ತು. ಅದನ್ನು ಮುಟ್ಟದೆ ಫೋನ್ ಮಾಡಿದೆ. "ನಿಮ್ಮ ಅಜ್ಜಿ ಇದ್ದಾರೇನಮ್ಮಾ? ಈ ಪದ ಅವರ ಬಾಯಲ್ಲಿ ಹೇಗೆ ಬರುತ್ತೆ, ಒಮ್ಮೆ ಕೇಳಿ ಹೇಳ್ತೀರಾ?"

ಆಕೆ ಫೋನ್ ಹಿಡಿದುಕೊಂಡೇ ಒಳಗೆ ಹೋದಳು. ಏನೋ ಪಾತ್ರೆ ಸದ್ದು, ಕರು ಕೂಗಿದ ಸದ್ದು. ಆಮೇಲೆ ಮುದಿ ದನಿಯೊಂದು ದೂರದಿಂದ ಕೇಳಿಸಿತು. ಸಿ ಅಲ್ಲ, ಸ. ಬ್ಯಾಸಗಿ. ಹಳಗನ್ನಡದ ಪುಸ್ತಕಗಳಲ್ಲಿ ಅದು ಬೇಸಗೆ ಎಂದೇ ಇದೆ.